ಆರನೇ ಮಹಡಿಯ ಹೆಂಗಸಿನ ದನಿ

ಎರಡು ತಿಂಗಳು ಬೆನ್ನು ಹತ್ತಿದರೂ ಆ ಹೆಂಗಸಿನಲ್ಲಿ ಒಂದು ಹುಳುಕೂ ಸಿಗಲಿಲ್ಲವೆಂಬುದೇ ಪ್ರಹ್ಲಾದನಿಗೆ ಹೇಸಿಗೆ ಹುಟ್ಟಿಸಿತ್ತು. ಮಗಳು ನಿಧಿಯನ್ನು ಶಾಲೆಗೆ ಕಳಿಸುವಳು, ಬಟ್ಟೆ ಒಣಹಾಕುವಳು, ಈರುಳ್ಳಿ ತರುವಳು. ಚಾಮುಂಡೇಶ್ವರಿಯ ಬದುಕು ತೊಳೆದು ಬೋರಲು ಹಾಕಿದ ತಟ್ಟೆಯ ಹಾಗಿತ್ತು. ಖಾಸಗಿ ಪತ್ತೇದಾರನಿಗೆ ಇದಕ್ಕಿಂತ ಅವಮಾನವಿಲ್ಲ.

ಅವನನ್ನು ನೇಮಿಸಿದ್ದು ಅವಳ ಗಂಡ ಉಮಾಶಂಕರ್. ಪ್ರೀತಿಸಿ ಮದುವೆಯಾದ ಎಂಟು ವರ್ಷಕ್ಕೆ ಅವನಿಗೆ ಹೆಂಡತಿಯ ಜಾತಿ ನೆನಪಾಗಿತ್ತು. ಜಪಾನಿನ ಶಿನಾಗಾವಾದ ಕಾಫಿ ಅಂಗಡಿಯಲ್ಲಿ ಸ್ಯಾನಿಟೈಸರ್ ತಿಕ್ಕಿಕೊಳ್ಳುತ್ತಾ ಹೇಳಿದ್ದ:

“ಮಗು ನಮ್ಮ ರಕ್ತ ಕಣ್ರೀ. ಅಮ್ಮ ಮೈಸೂರಲ್ಲಿ ರೂಮ್ ರೆಡಿ ಮಾಡ್ಸಿದಾರೆ. ಇವಳು ಅನ್‌ಫಿಟ್ ಮದರ್ ಅಂತ ಪ್ರೂವ್ ಆದ್ರೆ ಸಾಕು.”

“ಏನೂ ಸಿಗ್ತಿಲ್ಲ ಸಾರ್.”

“ಸಿಗ್ದಿದ್ರೆ ಮಾಡಿ. ಡಿಟೆಕ್ಟಿವ್ ಅಂತ ಬೋರ್ಡ್ ಯಾಕ್ರೀ ಹಾಕ್ಕೊಂಡಿದೀರಾ?”

ಥೂ, ಎಂಥ ಹುಳ ಇವನು, ಅಂದುಕೊಂಡ ಪ್ರಹ್ಲಾದ. ಅಂದುಕೊಂಡೇ ಒಪ್ಪಿಕೊಂಡ.

ಅವನ ಗುರು ಒಂದು ಹಳೇ ಸಿನಿಮಾ. ಯುದ್ಧಕಾಲದಲ್ಲಿ ನಾಲ್ಕೇ ಗೋಡೆ ಕಟ್ಟಿ ತೆಗೆದ ಅಗ್ಗದ ಪತ್ತೇದಾರಿ ಚಿತ್ರ. ವಿಮಾನದಾಳಿಯ ಭಯಕ್ಕೆ ಕಿಟಕಿಗಳಿಗೆಲ್ಲ ಕರಿಬಟ್ಟೆ. ಹೊರಗಿನ ಊರು ತೋರಿಸುವ ಖರ್ಚೂ ಉಳಿದಿತ್ತು. ಅದರಲ್ಲಿ ಪತ್ತೇದಾರನೇ ಕೊಲೆಗಾರ. ಸತ್ತವನ ದನಿಯನ್ನು ಮುಚ್ಚಿದ ಬಾಗಿಲ ಹಿಂದೆ ಗ್ರಾಮಫೋನಿನಲ್ಲಿ ಹಾಡಿಸಿ, ಅವನಿನ್ನೂ ಬದುಕಿದ್ದಾನೆಂದು ನಂಬಿಸಿ, ಕೊನೆಗೆ ಮುಳ್ಳಿನ ಕರಕರಕ್ಕೆ ಸಿಕ್ಕಿಬೀಳುತ್ತಾನೆ. ದಡ್ಡ ಮುಂಡೇದು! ಪ್ರಹ್ಲಾದನ ಯಂತ್ರಕ್ಕೆ ಮುಳ್ಳೇ ಇಲ್ಲ.

ಚಾಮುಂಡೇಶ್ವರಿ ಗೆಳತಿಯರಿಗೆಂದು ಹಾಕಿದ್ದ ಅಡುಗೆ ವಿಡಿಯೊಗಳನ್ನು ದನಿ ನಕಲು ಮಾಡುವ ಕಂಪ್ಯೂಟರಿಗೆ ಉಣಿಸಿದ. ಬಿಸಿಬೇಳೆಬಾತಿಗೆ ಚಕ್ಕೆ ಎಷ್ಟೆಂದು ಹೇಳಿದ ದನಿ ಈಗ ಫೋನಿನಲ್ಲಿ ಯಾರಿಗೋ ನಗುತ್ತಾ ಹೇಳಿತು: “ಬಾತ್‌ರೂಮಲ್ಲಿ ಕೂಡ್ಹಾಕಿದೀನಿ ಕಣೇ ಆ ಶನೀನ. ಅತ್ತು ಅತ್ತು ತಾನೇ ಸುಮ್ಮನಾಗುತ್ತೆ.” ಅದರಡಿಯಲ್ಲಿ ಮಗುವಿನ ಬಿಕ್ಕು. ಆ ಬಿಕ್ಕನ್ನು ಹದಕ್ಕೆ ತರಲು ಅವನು ಮೂರು ದಿನ ಒದ್ದಾಡಿದ. ಹದವಾದಾಗ ಚಪ್ಪಾಳೆ ತಟ್ಟಿಕೊಂಡ.

ಒಂದು ಭಾನುವಾರ ಬೆಳಿಗ್ಗೆ, ಸಂಸಾರ ಹೊರಗೆ ಹೋಗಿದ್ದಾಗ, ಅವರ ಮನೆಯಿದ್ದ ಓಜಿಮಾದ ಆ ಆರನೇ ಮಹಡಿಯಲ್ಲಿ ನಿಂತು ಕಾಗೆಯ ಕೂಗು, ಲಿಫ್ಟಿನ ಬಾಗಿಲು, ಒಣಗುವ ಬಟ್ಟೆಯ ಪಟಪಟ ಹಿಡಿದು ತಂದು ದನಿಯ ಹಿಂದೆ ಹಾಸಿದ.

ಆಮೇಲೆ ಹೊತ್ತು ಆರಿಸಿದ. ಮಂಗಳವಾರ ನಿಧಿಗೆ ಜ್ವರ, ತಾಯಿ-ಮಗಳಿಬ್ಬರೇ ಮನೆಯಲ್ಲಿ ಎಂದು ಉಮಾಶಂಕರನ ಮೆಸೇಜ್ ಬಂತು. ಸಾಕ್ಷಿಗೆ ಮೂರನೆಯ ಪಿಳ್ಳೆಯಿಲ್ಲ. ಸಂಜೆ ನಾಲ್ಕೂವರೆಗೆ ಓಜಿಮಾದ ನೆಲದಡಿಯ ಸ್ಟೇಷನ್ನಿನಲ್ಲಿ ಇಳಿದು, ಗೇಟಿಗೆ ಕಾರ್ಡು ಮುಟ್ಟಿಸಿ, ಮೇಲೆ ಹತ್ತದೆ ಅಲ್ಲೇ ನಿಂತ. ನಾಲ್ಕರ ಮೇಲೆ ಅವಳ ಕಟ್ಟಡದ ಅಂಗಳದ ತುಂಬ ಮಕ್ಕಳು. ಪರಕೀಯ ಗಂಡಸು ಸುಳಿದಾಡಿದರೆ ಪೊಲೀಸರಿಗೆ ಫೋನ್ ಹೋಗುತ್ತದೆ. ಎರಡು ತಿಂಗಳೂ ಅವನು ನಾಲ್ಕಕ್ಕೇ ಜಾಗ ಖಾಲಿ ಮಾಡಿದ್ದ. ಐದೂಕಾಲಿಗೆ ಕಾರ್ಡು ಮತ್ತೆ ಮುಟ್ಟಿಸಿ ಯೋಕೋಹಾಮಾದ ತನ್ನ ಮನೆಗೆ ಮರಳಿದ. ಅವನು ಓಜಿಮಾದಲ್ಲಿದ್ದನೆಂಬುದಕ್ಕೆ ಈಗ ರೈಲೇ ಸಾಕ್ಷಿ.

ಚಾಮುಂಡೇಶ್ವರಿಯ ವಕೀಲೆ, ಮುದುಕಿ ಮೋರಿತಾ-ಸಾನ್‌ರ ಕಚೇರಿಯಲ್ಲಿ ಆ ದನಿ ಮೊಳಗಿತು. ಉಮಾಶಂಕರ್ ಕರವಸ್ತ್ರ ತೆಗೆದು ಒಣಗಣ್ಣು ಒರೆಸಿಕೊಂಡ. ಮಂಗಳವಾರ ನಾಲ್ಕು ಐವತ್ತರಿಂದ ಐದು ಹತ್ತರವರೆಗೆ ಖುದ್ದಾಗಿ ಬಾಗಿಲ ಹೊರಗೆ ನಿಂತು ಹಿಡಿದದ್ದೆಂದು ಬರೆದ ಕಾಗದಕ್ಕೆ ಪ್ರಹ್ಲಾದ ಎಲ್ಲರೆದುರು ಸಹಿ ಹಾಕಿದ. ಚಾಮುಂಡೇಶ್ವರಿ ಅಳಲಿಲ್ಲ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.

“ಮಧ್ಯದಲ್ಲಿ ಕಟ್ ಮಾಡಿಲ್ವಾ ಸಾರ್?”

“ಒಂದು ಸೆಕೆಂಡೂ ಇಲ್ಲಮ್ಮ.”

“ಹಾಗಾದ್ರೆ ಐದು ಗಂಟೆ ಹಾಡೆಲ್ಲಿ?” ಎಂದಳು, ಅದನ್ನೇ ತಿರುಗಿ ಜಪಾನಿ ಭಾಷೆಯಲ್ಲಿ ಹೇಳಿದಳು. ಮೋರಿತಾ-ಸಾನ್‌ರ ಪೆನ್ನು ಗಕ್ಕನೆ ನಿಂತಿತು. ಮಕ್ಕಳೇ ಮನೆಗೆ ಹೋಗಿ ಎಂದು ವಾರ್ಡಿನವರು ದಿನಾ ಸಂಜೆ ಐದಕ್ಕೆ ಧ್ವನಿವರ್ಧಕದಲ್ಲಿ ಹಾಡು ಹಾಕುತ್ತಾರೆ. ಅವಳ ಬಾಲ್ಕನಿಯೆದುರೇ ಅದರ ಕಂಬ, ಅದು ಮುಗಿಯುವ ತನಕ ಫೋನಿನಲ್ಲಿ ಮಾತೇ ಕೇಳಿಸದು. ಆ ಹಾಡಿಗೇ ಓಜಿಮಾದ ತಾಯಂದಿರು ಅನ್ನಕ್ಕಿಡುವುದು. ಮಗಳನ್ನು ಕಿತ್ತುಕೊಳ್ಳಲು ಬಂದ ಅಪ್ಪ ಆ ಹೊತ್ತಿಗೆ ಒಂದು ದಿನವೂ ಮಗಳಿಗಾಗಿ ಕಿವಿ ತೆರೆದವನಲ್ಲ.