ಗುರುವಾರ ಸಂಜೆಯ ಸಾಬೂನು

"ಈ ನಾಯಿ ಮೇಲೆ ನಿಮಗೇನಾದ್ರೂ ಹಳೇ ದ್ವೇಷ ಇದೆಯಾ?"

ನಾಯಿ ತೊಳೆಯುವ ಅಂಗಡಿಯ ಆಯ್ಲಾ ಅವನಿಗೆ ಆಡಿದ ಮೊದಲ ಮಾತೇ ಅದು!

ಬಾಗಿಲಲ್ಲಿ ನಿಂತಿದ್ದ ಆರಡಿ ಎತ್ತರದ ಗಂಡಸು ಬೂಟಿನ ಹಿಮ ಒದರುವುದನ್ನೂ ಮರೆತು ತಬ್ಬಿಬ್ಬಾದ. ಹೆಸರು ಹಾರ್ಲನ್. ಉತ್ತರ ಮಿನೆಸೋಟದ ಆ ಪುಟ್ಟ ಊರಿನ ರಸ್ತೆಗಳಿಂದ ಚಳಿಗಾಲವಿಡೀ ಹಿಮ ತಳ್ಳುವ ಲಾರಿ ಓಡಿಸುವವನು. ಅವನ ಕಾಲ ಬಳಿ ಕರಿ ನಾಯಿ ಓಟಿಸ್ ಒಂದೇ ಸಮನೆ ಕೆರೆದುಕೊಳ್ಳುತ್ತಿತ್ತು. ಕೆರೆದಾಗಲೆಲ್ಲ ಬೆನ್ನಿನಿಂದ ಬಿಳಿ ಹೊಟ್ಟು ಉದುರುತ್ತಿತ್ತು.

"ಡಾಕ್ಟರು ನೋಡಿದ್ರು. ಹುಳ ಇಲ್ಲ, ಕಜ್ಜಿ ಇಲ್ಲ, ಬರೀ ಒಣ ಚರ್ಮ ಅಂದ್ರು. ನಿಮ್ಮ ಹತ್ರ ಕರ್ಕೊಂಡು ಹೋಗಿ ಅಂದ್ರು..."

"ಇಡೀ ದಿನ ಹೀಟರ್ ಮುಂದೆ ಬಿದ್ಕೊಂಡಿರ್ತಾನೆ ತಾನೆ? ಚರ್ಮ ತರಗೆಲೆ ಆಗಿದೆ ನೋಡಿ! ಮನೇಲಿ ಯಾವಾಗ ಸ್ನಾನ ಮಾಡಿಸಿದ್ರಿ?"

"ಸ್ನಾನ... ಮಾಡ್ಸೇ ಇಲ್ಲ. ಬೇಸಿಗೇಲಿ ಅವನೇ ಕೆರೆಗೆ ಹಾರ್ತಾನೆ..."

"ಅಂದ್ಕೊಂಡೆ! ಬಾಗಿಲು ತೆಗೆಯೋಕೆ ಮುಂಚೇನೇ ನನ್ನ ಮೂಗಿಗೆ ಗೊತ್ತಾಯ್ತು."

ಹಾರ್ಲನ್‌ನ ಕಿವಿಗಳು ಕೆಂಪಾದವು. ಮೂಲೆಯಲ್ಲಿ ಕಾಫಿ ಹೀರುತ್ತಿದ್ದ ಹೆಲ್ಮಿ ಚಿಕ್ಕಮ್ಮ ತಲೆಯೆತ್ತಿದಳು. "ಲೇ ಹುಡುಗಿ, ಅವನು ಗಿರಾಕಿ ಕಣೇ. ಕೈದಿ ಅಲ್ಲ!"

ಆಯ್ಲಾ ಓಟ್ಸ್ ನುಣ್ಣಗೆ ಪುಡಿ ಮಾಡಿ, ಉಗುರುಬೆಚ್ಚಗಿನ ನೀರಿಗೆ ಕಲಸಿ, ಕುತ್ತಿಗೆಯಿಂದ ಬಾಲದ ತನಕ ನಾಯಿಗೆ ಹಚ್ಚಿದಳು. ಹತ್ತು ನಿಮಿಷ ಹಾಗೇ ಇರಬೇಕು. ಓಟಿಸ್ ಗಡಗಡ ನಡುಗಿತು. ಆಗ ಹಾರ್ಲನ್ ಮಂಡಿಯೂರಿ ಕೂತು, ಅದರ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ.

"ಆಯ್ತು ಮಗಾ... ಇನ್ನೊಂದು ಚೂರು... ನಾನಿಲ್ಲೇ ಇದ್ದೀನಲ್ಲ..."

'ಇಷ್ಟು ಮೆತ್ತಗೆ ಮಾತಾಡೋ ಗಂಡಸರೂ ಇರ್ತಾರಾ?' ಆಯ್ಲಾಳ ಕೈ ಒಂದು ಗಳಿಗೆ ನಿಂತಿತು.

ಹೊರಡುವಾಗ ಅವಳ ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ. "ದಿನಾ ಊಟದ ಮೇಲೆ ಮೀನೆಣ್ಣೆ ಹಾಕಿ, ತೂಕಕ್ಕೆ ಎಷ್ಟು ಬೇಕೋ ಅಷ್ಟೇ. ಮಲಗೋ ಕೋಣೇಲಿ ಗಾಳಿಗೆ ತೇವ ಕೊಡೋ ಯಂತ್ರ ಇಡಿ. ಪ್ರತಿ ಶುಕ್ರವಾರ ನನ್ನ ಹತ್ರ ಕರ್ಕೊಂಡು ಬನ್ನಿ."

ಶುಕ್ರವಾರಗಳು ಬಂದವು. ಹಾರ್ಲನ್ ಕೂಡ ಬಂದ, ಒಂದು ದಿನವೂ ತಪ್ಪದೆ. ಅವನು ಮಾತಾಡುವುದು ಕಡಿಮೆ, ಕೇಳುವುದು ಹೆಚ್ಚು. ಎರಡನೇ ವಾರ ಅವಳ ಅಂಗಡಿಯ ಮುಂದಿನ ಹಿಮವನ್ನು ಹೇಳದೆ ಕೇಳದೆ ಬಾಚಿ ಹೋಗಿದ್ದ. ಮೂವತ್ತೈದರ ಆಯ್ಲಾ ಶುಕ್ರವಾರ ಬೆಳಿಗ್ಗೆ ಕನ್ನಡಿಯ ಮುಂದೆ ಎರಡು ಸಲ ನಿಲ್ಲತೊಡಗಿದಳು. ಚಿಕ್ಕಮ್ಮ ಕಂಡೂ ಕಾಣದ ಹಾಗೆ ನಗುತ್ತಿದ್ದಳು.

ಮೂರನೇ ಶುಕ್ರವಾರ ಆಯ್ಲಾ ನಾಯಿಯ ಕುತ್ತಿಗೆಗೆ ಮುಖ ತಂದಳು. ತಂದವಳು ಹಾಗೇ ಸ್ತಬ್ಧಳಾದಳು!

ಲ್ಯಾವೆಂಡರ್ ಹೂವಿನ ಘಮ!

ಯಾರೋ ಇದನ್ನು ತೊಳೆದಿದ್ದಾರೆ. ಅದೂ ನಿನ್ನೆಯೇ!

ಆ ಘಮ ಊರಿನಲ್ಲಿ ಸಿಗುವುದು ಒಂದೇ ಕಡೆ. ಟ್ರೂಡಿಯ ಉಡುಗೊರೆ ಅಂಗಡಿಯಲ್ಲಿ, ಅವಳೇ ಕೈಯಾರೆ ಮಾಡುವ ಸಾಬೂನಿನಲ್ಲಿ. ಟ್ರೂಡಿ ಎಂದರೆ ಗಂಡ ತೀರಿ ಮೂರು ವರ್ಷವಾದವಳು. ನಕ್ಕರೆ ಕೆನ್ನೆಯಲ್ಲಿ ಗುಳಿ. ಆ ಗುಳಿ ನೋಡಲೆಂದೇ ಊರಿನ ಅರ್ಧ ಗಂಡಸರು ಬೇಡದ ಮೇಣದಬತ್ತಿ ಕೊಳ್ಳುತ್ತಿದ್ದರು.

'ಯಾರು ಸ್ನಾನ ಮಾಡ್ಸಿದ್ದು?' ಮಾತು ನಾಲಿಗೆ ತುದಿಗೆ ಬಂತು. ಆಯ್ಲಾ ನುಂಗಿಕೊಂಡಳು.

ಹಿಂದೊಮ್ಮೆ ತನ್ನ ಗಂಡನನ್ನು ಹೀಗೇ, ಯಾರವಳು ಎಂದು ಕೇಳಿದ್ದಳು. ಅವನು ನಿಜವನ್ನೇ ಹೇಳಿ ಮರುದಿನ ಪೆಟ್ಟಿಗೆ ಕಟ್ಟಿದ್ದ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ... ಆ ಭಯವೇ ಅವಳ ಬಾಯಿಗೆ ಬೀಗ ಹಾಕಿತು.

ಆ ವಾರ ಚರ್ಚಿನ ಮೀನೂಟದಲ್ಲಿ ಟ್ರೂಡಿ ಪಕ್ಕದ ಕುರ್ಚಿಗೇ ಬಂದು ಕೂರಬೇಕೇ!

"ಆ ಹಾರ್ಲನ್ ಇದ್ದಾನಲ್ಲ, ಎಂಥಾ ಸಂಕೋಚದ ಪ್ರಾಣಿ! ಪ್ರತಿ ಗುರುವಾರ ನನ್ನ ಅಂಗಡಿಗೆ ಬರ್ತಾನೆ ಕಣ್ರೀ. ಒಂದು ಮಾತಾಡಿದ್ರೆ ಮುಖ ಟೊಮೇಟೊ!"

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಆಯ್ಲಾಳ ತಟ್ಟೆಯ ಮೀನು ತಣ್ಣಗಾಯಿತು.

'ಗುರುವಾರ ಅವಳ ಹತ್ರ, ಶುಕ್ರವಾರ ನನ್ನ ಹತ್ರ! ನಾನು ಬರೀ ಕೂಲಿಗೆ ನಾಯಿ ತೊಳೆಯೋಳು... ಅವಳು?'

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹಾರ್ಲನ್ ನಕ್ಕರೆ ಟ್ರೂಡಿಯ ನೆನಪಿಗೆ ನಗುತ್ತಿದ್ದಾನೆ ಅನ್ನಿಸುತ್ತಿತ್ತು. ಸುಮ್ಮನಿದ್ದರೆ ಅವಳ ಧ್ಯಾನದಲ್ಲಿದ್ದಾನೆ ಅನ್ನಿಸುತ್ತಿತ್ತು. ಇತ್ತ ಓಟಿಸ್‌ನ ಚರ್ಮ ವಾಸಿಯಾಗುವ ಬದಲು ಇನ್ನಷ್ಟು ಒಣಗಿ, ಹೊಟ್ಟೆಯ ಹತ್ತಿರ ಬಿರುಕು ಬಿಟ್ಟಿತು. ಏಕೆಂದು ಆಯ್ಲಾಗೆ ಗೊತ್ತಿತ್ತು. ಘಮ ಬೆರೆಸಿದ ಆ ಸಾಬೂನೇ ಇದ್ದಬದ್ದ ಜಿಡ್ಡನ್ನೂ ಹೀರುತ್ತಿತ್ತು. ಗೊತ್ತಿದ್ದೂ ಬಾಯಿ ಬಿಡದೆ ಇದ್ದದ್ದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು. ಪಾಪದ ಮೂಕಪ್ರಾಣಿ ಏನು ಮಾಡಿತ್ತು!

ಆರನೇ ಶುಕ್ರವಾರ ತಾಳ್ಮೆ ಹರಿಯಿತು.

"ಸಾಕು! ಆ ಹೂವಿನ ಸಾಬೂನೇ ಇವನ ಚರ್ಮ ಒಣಗಿಸ್ತಿರೋದು. ನಾನಿಲ್ಲಿ ಹಚ್ಚೋದು, ಅಲ್ಲಿ ತಿಕ್ಕಿ ತೆಗೆಯೋದು! ಯಾರು ತಿಕ್ತಾರೋ ಅವರೇ ವಾಸಿ ಮಾಡ್ಲಿ. ಇನ್ಮೇಲೆ ಇಲ್ಲಿಗೆ ಬರಬೇಡಿ!"

ಹಾರ್ಲನ್‌ನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ.

"ತಪ್ಪಾಯ್ತು... ಇನ್ನು ನಿಮಗೆ ತೊಂದರೆ ಕೊಡಲ್ಲ."

ಅಷ್ಟೇ. ಓಟಿಸ್‌ನ ಪಟ್ಟಿ ಹಿಡಿದು ನಡೆದೇಬಿಟ್ಟ.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು," ಎಂದು ಹೆಲ್ಮಿ ಚಿಕ್ಕಮ್ಮ ನಿಟ್ಟುಸಿರಿಟ್ಟಳು. "ಅವನನ್ನ ಒಂದು ಮಾತು ಕೇಳಬಾರದಿತ್ತೇನೇ?"

"ಕೇಳೋಕೇನಿದೆ? 'ತಪ್ಪಾಯ್ತು' ಅಂದ್ನಲ್ಲ! ಒಪ್ಕೊಂಡ ಹಾಗಲ್ವಾ?"

ಹೇಳಿದವಳೇ ಒಳಗೆ ಹೋಗಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮುಂದಿನ ಶುಕ್ರವಾರ ಅವನು ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ಅಂಗಡಿಯ ಮುಂದಿನ ಹಿಮ ಮಾತ್ರ ಯಾವ ಹೊತ್ತಿನಲ್ಲೋ ತನ್ನಷ್ಟಕ್ಕೆ ಖಾಲಿಯಾಗಿರುತ್ತಿತ್ತು.

ಐದು ವಾರದ ಮೇಲೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುವ ಪಂದ್ಯ. ಭಾನುವಾರದ ಬಿಸಿಲು, ಊರಿಗೆ ಊರೇ ಮಂಜುಗಡ್ಡೆಯ ಮೇಲೆ. ಚಿಕ್ಕಮ್ಮ ಆಯ್ಲಾಳನ್ನು ಎಳೆದುಕೊಂಡೇ ಬಂದಿದ್ದಳು.

ಇದ್ದಕ್ಕಿದ್ದಂತೆ ಕರಿ ನಾಯಿಯೊಂದು ಓಡಿಬಂದು ಆಯ್ಲಾಳ ಎದೆಗೆ ಹಾರಿತು.

ಓಟಿಸ್!

ಕೈಗವಸು ಕಿತ್ತೆಸೆದು ಅದರ ಬೆನ್ನಿಗೆ ಬೆರಳಾಡಿಸಿದಳು. ಹೊಟ್ಟಿಲ್ಲ. ಬಿರುಕಿಲ್ಲ. ಬಿಸಿಲಿಗೆ ಮೈ ಮಿರಮಿರ ಮಿಂಚುತ್ತಿತ್ತು!

ಖುಷಿಯಾಗಬೇಕಿತ್ತು... ಆದರೆ ಆಯ್ಲಾಳ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಆರು ವಾರ ತಾನು ಮಾಡಲಾಗದ್ದನ್ನು ಇನ್ಯಾರೋ ಮಾಡಿದ್ದಾರೆ! ಅವನನ್ನೂ ಕಿತ್ತುಕೊಂಡರು, ತನ್ನ ಕೈಗುಣವನ್ನೂ ಕಿತ್ತುಕೊಂಡರು!

ಹತ್ತು ಹೆಜ್ಜೆ ದೂರದಲ್ಲಿ ಟ್ರೂಡಿ ಬಿಸಿ ಸೂಪ್ ಹಂಚುತ್ತಿದ್ದಳು. ಆಯ್ಲಾ ನೇರ ಅವಳ ಮುಂದೆ ನಿಂತಳು.

"ನಾಯೀನ ಚೆನ್ನಾಗಿ ವಾಸಿ ಮಾಡಿದ್ದೀರಾ. ಅಭಿನಂದನೆ!"

"ಯಾರು, ನಾನಾ?" ಟ್ರೂಡಿ ಹಿಂದೆ ಹಿಂದೆ ಸರಿದಳು. "ಅಯ್ಯೋ, ಮೊದಲು ಅದನ್ನ ಆಚೆ ಕರ್ಕೊಂಡು ಹೋಗ್ರೀ! ನಾಯಿ ಕೂದಲು ಅಂದ್ರೆ ನಂಗೆ... ಆಕ್ಷೀ!"

ಒಂದಲ್ಲ, ಎರಡಲ್ಲ, ಏಳು ಸೀನು! ಆಯ್ಲಾ ನಾಯಿಯ ಪಟ್ಟಿ ಹಿಡಿದು ಹಿಂದಕ್ಕೆ ಎಳೆದಳು.

"ಅವರಲ್ಲ..." ಹಿಂದಿನಿಂದ ಪರಿಚಿತ ದನಿ. ಹಾರ್ಲನ್! "ನಾನೇ. ನೀವೇ ಹೇಳಿದ್ರಲ್ಲ, ತಿಕ್ಕಿದವರೇ ವಾಸಿ ಮಾಡ್ಲಿ ಅಂತ. ಸಾಬೂನು ನಿಲ್ಲಿಸ್ದೆ. ಎಣ್ಣೆ, ಯಂತ್ರ ಮುಂದುವರಿಸ್ದೆ. ವಾರಕ್ಕೊಂದು ಓಟ್ಸ್ ಸ್ನಾನ, ನೀವು ಮಾಡ್ತಿದ್ದ ಹಾಗೇ."

"ಅಂದ್ರೆ... ಆ ಸಾಬೂನು ಹಚ್ತಿದ್ದಿದ್ದು..."

"ನಾನೇ. ಪ್ರತಿ ಗುರುವಾರ ಸಂಜೆ."

"ಯಾಕೆ?! ಮರುದಿನ ನಾನೇ ತೊಳೀತಿದ್ನಲ್ಲ!"

ಅವನು ತಲೆ ತಗ್ಗಿಸಿದ. "ಮೊದಲ ದಿನ ವಾಸನೆ ಅಂದ್ರಿ... ಕೊಳಕು ನಾಯೀನ ನಿಮ್ಮ ಕೈಗೆ ಹೇಗೆ ಕೊಡೋದು? ನಿಮಗ್ಯಾಕೆ ತೊಂದರೆ ಅಂತ... ಊರಲ್ಲೆಲ್ಲ ಚೆನ್ನಾಗಿರೋ ಸಾಬೂನು ಯಾವುದು ಅಂತ ವಿಚಾರಿಸಿ, ವಾರಕ್ಕೊಂದು ತರ್ತಿದ್ದೆ."

ತೊಳೆಯುವವಳ ಹತ್ತಿರ ತರುವ ಮುಂಚೆ ನಾಯಿಯನ್ನು ತೊಳೆದು ತಂದವನು! ಕೆಲಸದವಳು ಬರುವ ಮೊದಲು ಮನೆ ಗುಡಿಸಿಡುವ ಈ ಊರಿನವರನ್ನು ಬಿಟ್ಟರೆ ಇನ್ಯಾರಿಗೆ ಇಂಥ ಬುದ್ಧಿ ಬರಬೇಕು! ಆಯ್ಲಾಗೆ ನಗು ಬಂತು. ನಗುವಿನ ಜೊತೆಗೇ ಕಣ್ಣೀರೂ ಬಂತು.

"ನಂಗೆ ಹೊಟ್ಟೆಕಿಚ್ಚಾಗಿತ್ತು ಹಾರ್ಲನ್! ಟ್ರೂಡಿ ತೊಳೀತಿದ್ದಾಳೆ ಅಂದ್ಕೊಂಡೆ. ನೀವು ಅವಳವರು ಅಂದ್ಕೊಂಡೆ! ಕೇಳೋಕೆ ಭಯ ಆಯ್ತು... ನಾಯಿಗೂ ಅನ್ಯಾಯ ಮಾಡ್ದೆ, ನಿಮಗೂ..."

ಹಾರ್ಲನ್‌ನ ಕಿವಿಗಳು ಮತ್ತೆ ಕೆಂಪಾದವು. ಆದರೆ ಈ ಸಲ ಅವನು ಬಾಯಿ ಮುಚ್ಚಲಿಲ್ಲ.

"ನಾನು ಶುಕ್ರವಾರಕ್ಕೋಸ್ಕರವೇ ಬದುಕಿದ್ದೆ ಆಯ್ಲಾ. ನೀವು ಬರಬೇಡಿ ಅಂದ್ಮೇಲೆ ವಾರದಲ್ಲಿ ಬರೀ ಆರೇ ದಿನ ಇರೋ ಹಾಗಾಯ್ತು..." ಅವನು ಓಟಿಸ್‌ನ ತಲೆ ಸವರಿದ. "ಈಗ ಓಟಿಸ್‌ಗೂ ವಾಸಿಯಾಯ್ತು. ನಿಮ್ಮ ಹತ್ರ ಬರೋಕೆ ಒಂದು ನೆಪಾನೂ ಉಳಿದಿಲ್ಲ."

ಆಯ್ಲಾ ಅವನ ಕೈಗವಸು ಮೆಲ್ಲಗೆ ಎಳೆದು ತೆಗೆದಳು. ವಾರವಾರ ನಾಯಿ ತೊಳೆಯುವ ನೀರಿನಲ್ಲಿ ನೆಂದು, ಮತ್ತೆ ಚಳಿಯಲ್ಲಿ ಒಣಗಿ, ಅವನ ಬೆರಳ ಗಿಣ್ಣುಗಳೆಲ್ಲ ಒಡೆದು ಕೆಂಪಾಗಿದ್ದವು.

"ನೋಡು ಇದನ್ನ! ಹೀಗೇ ಬಿಟ್ಟಿದ್ದೀಯಲ್ಲ..." ಗದರಿದಳು. ಆ ಕೈಯನ್ನು ತನ್ನೆರಡೂ ಅಂಗೈಗಳ ನಡುವೆ ಹಿಡಿದುಕೊಂಡಳು.

"ವಾಸಿ ಮಾಡ್ತೀಯಾ?"

"ಮಾಡ್ತೀನಿ. ಆದ್ರೆ ಮನುಷ್ಯರ ಚರ್ಮ ಕಣೋ, ತುಂಬಾ ದಿನ ಹಿಡಿಯುತ್ತೆ..."

"ಹಿಡೀಲಿ," ಎಂದ ಹಾರ್ಲನ್, "ನಂಗೇನೂ ಅವಸರ ಇಲ್ಲ."