ಫ್ರೀಡರಿಕೆಯ ಕಲ್ಲು

"ಉಳಿ ಕೆಳಗಿಡು ಹೆನ್ನಿಂಗ್! ಮುಟ್ಟಬೇಡ ಆ ಕಲ್ಲನ್ನ!"

ತಿರ್ಸಾಳ ಕೂಗಿಗೆ ಕಲ್ಲುಕುಟಿಗ ಹೆನ್ನಿಂಗ್‌ನ ಕೈ ಗಾಳಿಯಲ್ಲೇ ನಿಂತಿತು. ಅಂಗಳದ ನಡುವೆ ನಿಲ್ಲಿಸಿದ್ದ ಗೋರಿಕಲ್ಲಿನ ಮೇಲೆ ಹೀಬ್ರೂ ಅಕ್ಷರಗಳು, ಕೆಳಗೊಂದು ಹೆಸರು... ಫ್ರೀಡರಿಕೆ ಹಾನೌ, 1931.

ಅವಳ ಮುತ್ತಜ್ಜಿ!

ಈ ಕಲ್ಲಿಗಾಗಿಯೇ ತಿರ್ಸಾ ಹೈಫಾದಿಂದ ಬಂದಿದ್ದಳು. ಹದಿನಾರನೇ ವಯಸ್ಸಿಗೆ, ನಾಜಿಗಳ ಕಾಲದಲ್ಲಿ, ಈ ಊರಿನಿಂದ ಜೀವ ಉಳಿಸಿಕೊಂಡು ಓಡಿದ್ದ ಅಜ್ಜಿ, ಅವಳ ಅಂಗೈಗೆ ಒಂದು ಬೆಣಚುಕಲ್ಲು ಕೊಟ್ಟು, "ನಮ್ಮಲ್ಲಿ ಗೋರಿಗೆ ಹೂವಲ್ಲ, ಕಲ್ಲೇ ಇಡೋದು. ನಮ್ಮಮ್ಮನ ಗೋರಿ ಮೇಲೆ ಇಟ್ಟು ಬಾರೇ" ಎಂದಿದ್ದಳು. ಎರಡು ಜರ್ಮನಿ ಒಂದಾಗಿ ಮೂರು ವರ್ಷವಾಗಿತ್ತು. ಆದರೂ ನಗರಸಭೆಯವರದು ಅದೇ ಹಳೇ ರಾಗ: "ಯುದ್ಧದಲ್ಲಿ ಬಾಂಬ್ ಬಿತ್ತು, ಕಲ್ಲುಗಳೆಲ್ಲ ಹೋದವು." ಎಂಥ ಸುಳ್ಳು ನೋಡಿ!

ಯೆಹೂದಿ ಸ್ಮಶಾನದಲ್ಲಿ ಮುತ್ತಜ್ಜಿಯ ಖಾಲಿ ಪೀಠದ ಮುಂದೆ ಅಳುತ್ತಿದ್ದವಳಿಗೆ ಮೊದಲ ದಿನ ಕರವಸ್ತ್ರ ಕೊಟ್ಟವನು ಈ ಹೆನ್ನಿಂಗ್. ಹತ್ತು ದಿನ ಜೊತೆಗೇ ಬಳ್ಳಿ ಸರಿಸಿ ಹುಡುಕಿದ್ದ. ನಿನ್ನೆ ಪ್ಲಮ್ ಕೇಕ್ ತಿನ್ನುತ್ತ, "ಹೋಗಬೇಡ... ಇಲ್ಲೇ ಇರು" ಎಂದಿದ್ದ. ಅವಳ ಮನಸ್ಸು ಹೂಂ ಅಂದೂಬಿಟ್ಟಿತ್ತು!

"ಎಲ್ಲಿ ಸಿಕ್ತು?"

"ಊರ ಸ್ಮಶಾನದಲ್ಲಿ, ಇವತ್ತು ಬೆಳಿಗ್ಗೆ. ಒಂದು ಗೋರಿ ಜಾಗದ ಐವತ್ತು ವರ್ಷದ ಬಾಡಿಗೆ ಅವಧಿ ಮುಗೀತು, ಕಲ್ಲು ಕಿತ್ತೆ. ಈ ಮುಖ ಗೋಡೆ ಕಡೆಗಿತ್ತು..."

ತಿರ್ಸಾ ಕಲ್ಲನ್ನು ಸುತ್ತಿ ಹಿಂದೆ ಬಂದಳು. ಅಲ್ಲಿ ಇನ್ನೊಂದು ಹೆಸರು. ಕಾರ್ಲ್ ಬೋಟ್ಶರ್, 1943. ಮೊದಲ ಅಕ್ಷರದ ಮೇಲೆ ಉಳಿಯ ಹೊಸ ಗಾಯ.

ಬೋಟ್ಶರ್... ಹೆನ್ನಿಂಗ್ ಬೋಟ್ಶರ್!

"ನಿನ್ನ ಅಜ್ಜನಾ?"

ಅವನು ತಲೆ ತಗ್ಗಿಸಿದ. "ಹೂಂ. ಹೆಸರು ಅಳಿಸಿ, ಆಮೇಲೆ ನಿನಗೆ ತೋರಿಸೋಣ ಅಂತ..."

"ಓಹೋ! ಅಳಿಸಿದ್ರೆ ಮುಗೀತಾ? ಬದುಕಿದ್ದವರನ್ನ ಓಡಿಸಿದ್ರಿ, ಸತ್ತವರ ಕಲ್ಲನ್ನೂ ಬಿಡಲಿಲ್ಲ! ನಿಮ್ಮ ಗೋರಿಗೆ ಐವತ್ತು ವರ್ಷ. ನಮ್ಮ ಗೋರಿ ಅಂದ್ರೆ ಎಂದೆಂದಿಗೂ, ಗೊತ್ತಾ? ಈಗ ಈ ಕಳ್ಳತನವೂ ಬಾಂಬ್ ಬಿದ್ದು ಹೋಯ್ತು ಅನ್ನಬೇಕಾ?"

"ಅಮ್ಮ ಇದೇ ಊರಲ್ಲಿ ತಲೆ ಎತ್ತಿ ಓಡಾಡಬೇಕಲ್ಲ, ತಿರ್ಸಾ..."

"ನಮ್ಮಜ್ಜಿಗೆ ಈ ಊರಲ್ಲಿ ಕಾಲಿಡೋಕೂ ಜಾಗ ಇರಲಿಲ್ಲ ಕಣೋ!"

ಮೂರು ದಿನ ಅವನ ಮುಖ ನೋಡಲಿಲ್ಲ. ಇವನೂ ಅವರಲ್ಲೊಬ್ಬ! ಆದರೆ ಕಣ್ಣೇಕೆ ತುಂಬಬೇಕು?

ನಾಲ್ಕನೇ ದಿನ, ಊರು ಬಿಡುವ ರೈಲಿಗೆ ಮುಂಚೆ, ಖಾಲಿ ಪೀಠದ ಮೇಲಾದರೂ ಬೆಣಚುಕಲ್ಲು ಇಡೋಣವೆಂದು ಸ್ಮಶಾನಕ್ಕೆ ಹೋದಳು.

ಪೀಠ ಖಾಲಿ ಇರಲಿಲ್ಲ!

ಫ್ರೀಡರಿಕೆಯ ಕಲ್ಲು ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಹೆನ್ನಿಂಗ್. ಹಿಂದುಗಡೆ, ರಸ್ತೆಯವರಿಗೆಲ್ಲ ಕಾಣುವಂತೆ, ಕಾರ್ಲ್‌ನ ಹೆಸರು ಹಾಗೇ ಇತ್ತು. ಅದರ ಕೆಳಗೆ ಹೊಸ ಸಾಲು: "ಈ ಕಲ್ಲನ್ನು ನಾವು ಕದ್ದೆವು. ಬೋಟ್ಶರ್ ಕುಟುಂಬ."

"ನಿಮ್ಮಮ್ಮ?"

"ಒಂದು ದಿನವೆಲ್ಲ ಅತ್ತಳು. ಆಮೇಲೆ, 'ಕದ್ದೆವು ಅಂತಲೇ ಕೆತ್ತು, ತಂದೆವು ಅನ್ನಬೇಡ' ಅಂದ್ಲು."

ತಿರ್ಸಾ ಅಜ್ಜಿಯ ಬೆಣಚುಕಲ್ಲು ಇಟ್ಟಳು. ಅವನೂ ಮುಷ್ಟಿ ಬಿಚ್ಚಿದ, ಒಳಗೊಂದು ಹರಳು.

"ನಾನೂ ಇಡಬಹುದಾ?"

"ಮೊದಲು ನೀನು ಯಾರು ಅಂತ ಮುತ್ತಜ್ಜಿಗೆ ಹೇಳು."

"ಅಜ್ಜಿ, ನಾನು ಹೆನ್ನಿಂಗ್... ಕಾರ್ಲ್‌ನ ಮೊಮ್ಮಗ. ಕ್ಷಮಿಸಿ ಅನ್ನೋಕೂ ಬಾಯಿ ಬರ್ತಿಲ್ಲ." ಅವನು ಫ್ರೀಡರಿಕೆಯ ಹೆಸರಿನತ್ತ ಬಾಗಿದ. "ನಿಮ್ಮ ಮರಿಮೊಮ್ಮಗಳನ್ನ ತುಂಬಾ ಪ್ರೀತಿಸ್ತೀನಿ."

ತಿರ್ಸಾ ಅಳುತ್ತಲೇ ಅವನ ಕೈ ಹಿಡಿದು ಕಲ್ಲಿನವರೆಗೆ ತಂದಳು. "ಇಡು."

"ನಿನ್ನ ರೈಲು?"

"ಹೋಗಲಿ ಬಿಡು. ಅಜ್ಜಿಗೆ ಫೋನ್ ಮಾಡಬೇಕು, ನಡಿ."