ಅರ್ಧ ನಿಮಿಷ ತಡವಾಗುವ ಲ್ಯಾಪ್‌ಟಾಪ್

ಪರದೆಯ ಮೇಲಿನ ಚಿತ್ರದಲ್ಲಿ ಎರಡು ಕಪ್ಪು ಕಲ್ಲಿನ ಪದರಗಳ ನಡುವೆ ಕೆಂಪು ಗೆರೆಯೊಂದಿತ್ತು. ಅದೇನೆಂದು ನೀಲಾಂಬಿಕಾ ಅಂದುಕೊಳ್ಳುವ ಮೊದಲೇ ಅಂಚಿನಲ್ಲಿ ಉತ್ತರ ಮೂಡಿತು: ಒಂದು ಲಾವಾ ಹರಿದು ಆರಿದ ಮೇಲೆ, ಮುಂದಿನದು ಬರುವವರೆಗಿನ ಬಿಡುವಿನಲ್ಲಿ ಹುಟ್ಟಿದ ಮಣ್ಣು, ಆಮೇಲೆ ಸುಟ್ಟು ಕೆಂಪಾಗಿದೆ.

ವಿಜಯಪುರದ ಹೊರವಲಯದ ಹೊಸ ವಿಶ್ವವಿದ್ಯಾಲಯದಲ್ಲಿ, ಭೂವಿಜ್ಞಾನಕ್ಕೆ ಸೇರಿದವರು ಅಂದು ಲ್ಯಾಪ್‌ಟಾಪ್ ಆರಿಸಿಕೊಳ್ಳುತ್ತಿದ್ದರು. ಎಲ್ಲದರಲ್ಲೂ ಶಂಕಾಗ್ರಾಹಿ ಇತ್ತು. ಓದುವವರಿಗೆ ಏನಾದರೂ ತಿಳಿಯದಿದ್ದಾಗ ಕಣ್ಣಿನ ಪಾಪೆ ಕೂದಲೆಳೆಯಷ್ಟು ಹಿಗ್ಗುತ್ತದೆ, ನೋಟ ಹಿಂದಿನ ಪದಕ್ಕೆ ಮರಳುತ್ತದೆ. ಪುಟ್ಟ ಕ್ಯಾಮೆರಾ ಅದನ್ನು ಹಿಡಿದು, ಪ್ರಶ್ನೆ ಬಾಯಿಗೆ ಬರುವ ಮೊದಲೇ ಉತ್ತರ ಕೊಡುತ್ತಿತ್ತು. ಶಾಲೆಗಳಿಗೂ ಅದು ಬಂದು ಬಹಳ ವರ್ಷವಾಗಿತ್ತು. ನೀಲಾಂಬಿಕಾ ಪಕ್ಕದವಳನ್ನು ಏನೂ ಕೇಳದೆಯೇ ಪಿಯುಸಿ ಮುಗಿಸಿದ್ದಳು. ಆ ಹುಡುಗಿಯ ದನಿ ಹೇಗಿತ್ತೆಂಬುದೂ ನೆನಪಿರಲಿಲ್ಲ. ಇಲ್ಲಿಯಾದರೂ ಒಬ್ಬ ಗೆಳತಿ ಸಿಗಲಿ ಎಂಬ ಆಸೆಯಲ್ಲಿ ಬಂದಿದ್ದಳು.

ಮೂಲೆಯ ಮೇಜಿನ ಮೇಲೆ ಯಾರೂ ಮುಟ್ಟದ ಹಳೆಯ ಮಾದರಿಯೊಂದಿತ್ತು. ಅದರ ಉತ್ತರಕ್ಕೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಅವಳು ಅದನ್ನೇ ಎತ್ತಿಕೊಂಡಳು.

“ಅದು ನಿದ್ದಿಗಣ್ಣಿನ ಮುದುಕಿ ಅದವ್ವಾ,” ಎಂದು ನಕ್ಕರು ಡಾ. ಪದ್ಮಜಾ ಜಹಗೀರದಾರ. ಶಂಕಾಗ್ರಾಹಿಯನ್ನು ಕಂಡುಹಿಡಿದವರು ಅವರೇ. ಪ್ರತಿವರ್ಷ ಈ ದಿನ ಬಂದು ಕೂರುವುದು ಅವರ ರೂಢಿ. “ಹೊಸಾವು ಇಷ್ಟ ಇರೂವಾಗ ಅದ್ಯಾಕ?”

“ತಡಾ ಮಾಡ್ತೈತಲ್ರಿ ಮೇಡಂ. ಅಷ್ಟರಾಗ ಬಾಜೂದಾಕಿನ್ನ ಕೇಳಬಹುದು.”

ಪದ್ಮಜಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾ ಕಲಿಯೂವಾಗ ಇದೆಲ್ಲಾ ಇರಲಿಲ್ಲ. ಆದ್ರೂ ಬಾಜೂದವರ್ನ ನಾವೇನ ಕೇಳತಿದ್ವಿ? ಫೋನ್‌ನ ಕೇಳತಿದ್ವಿ. ಅವರೂ ಅವರ ಫೋನ್ ನೋಡಕೋತ ಕೂತಿರತಿದ್ರು. ನಾ ಅದಕ್ಕ ಕಣ್ಣಷ್ಟ ಹಚ್ಚೀನಿ,” ಎಂದರು. “ಒಯ್ಯಿ. ಕೇಳಿದ್ರ ಏನಂದ್ರು, ನನಗ ಬಂದು ಹೇಳು.”

ಹಾಸ್ಟೆಲ್ ಕೋಣೆಯಲ್ಲಿ ಜೊತೆಗಿದ್ದವಳು ಸಿಂದಗಿಯ ತಬಸ್ಸುಮ್. ಬಂದಾಗಿನಿಂದ ಇಬ್ಬರ ನಡುವೆ ಆಗಿದ್ದ ಮಾತೆಂದರೆ ಫ್ಯಾನ್ ಹಾಕಲೇ, ಬೇಡವೇ ಎಂಬುದಷ್ಟೇ. ಸಂಜೆ ಓದುತ್ತ ಓದುತ್ತ ನೀಲಾಂಬಿಕಾ ಒಂದು ಚಿತ್ರದ ಬಳಿ ಅರ್ಥವಾಗದೆ ತಡೆದಳು. ಪರದೆ ಸುಮ್ಮನಿತ್ತು. ಅವಳು ಪಕ್ಕದ ಮಂಚದತ್ತ ತಿರುಗಿದಳು.

“ತಬಸ್ಸುಮ್, ಈ ಕಲ್ಲಿನಾಗ ತೂತು ಯಾಕ ಅದಾವ?”

ತಬಸ್ಸುಮ್ ಬೆಚ್ಚಿ ನೋಡಿದಳು. “ಯಾಕ, ಉತ್ತರ ಬರವಲ್ದೇನು?”

“ಬರ್ತೈತಿ. ನಿನಗೇನ ಅನಸ್ತೈತಿ ಅಂತ ಕೇಳಿದೆ.”

“ನನಗಾ?” ಅವಳು ಗಾಬರಿಯಿಂದ ತನ್ನ ಪರದೆಯತ್ತ ತಿರುಗಿದಳು. ಮಾತು ಕೇಳಿಸಿಕೊಂಡ ಅದರಲ್ಲಿ ಆಗಲೇ ಮೂಡಿದ್ದ ಉತ್ತರವನ್ನು ಓದಿ ಹೇಳಿದಳು: “ಲಾವಾದಾಗಿನ ಅನಿಲದ ಗುಳ್ಳೆಗಳು.” ಆಮೇಲೆ ಮನಸಾರೆ ಮರುಗಿದಳು. “ಪಾಪ. ಇಂಥಾದರಾಗ ನೀ ಹೆಂಗ ಓದ್ತಿ?”

ಮರುದಿನ ತರಗತಿ ಮುಗಿಸಿ ಬಂದಾಗ ನೀಲಾಂಬಿಕಾಳ ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್ ಇತ್ತು. ಹಳೆಯದು ಇರಲಿಲ್ಲ. ಮುಚ್ಚಳ ತೆರೆದಳು. ಇದು ಯಾರ ಕೆಲಸ ಎಂದು ಕೇಳಲು ಕತ್ತು ಹೊರಳಿಸುವಷ್ಟರಲ್ಲಿ ಸಾಲೊಂದು ಮೂಡಿಬಿಟ್ಟಿತು: ನಿಮ್ಮ ಕೋಣೆಯ ತಬಸ್ಸುಮ್ ಅವರ ಕೋರಿಕೆಯ ಮೇರೆಗೆ ಬದಲಿಸಲಾಗಿದೆ.

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಮಂಚದ ಮೇಲೆ ತಬಸ್ಸುಮ್ ನಗುತ್ತ, ಇವಳು ಏನಾದರೂ ಅಂದಾಳೆಂದು ಕಾಯುತ್ತ ಕೂತಿದ್ದಳು.